ಮೊನ್ನೆಯ ಜ್ವರಕ್ಕೆ ಇಂದಿನ ಸೀಲು

ಎರಡು-ಮೂರು ದಿನದ ಜ್ವರಕ್ಕೂ ವೈದ್ಯರ ಚೀಟಿ ತಂದರೆ ಹಾಜರಿ, ತರದಿದ್ದರೆ ಸಂಬಳ ಕಟ್ ಎಂಬ ಪದ್ಧತಿ ಚಾಮರಾಜನಗರ ಜಿಲ್ಲೆಯ ದುಡಿಯುವ ಜಾಗಗಳಲ್ಲಿ ಬೇರುಬಿಟ್ಟಿದೆ. ಇದು ಕೆಲಸಗಾರರಿಗೆ ಅನ್ಯಾಯ, ವೈದ್ಯರ ಕೈಯಲ್ಲಿ ಸುಳ್ಳು ಬರೆಸುವ ಏರ್ಪಾಡು, ಮಾಲೀಕರಿಗೂ ಮೂರು ಕಾಸಿನ ಉಪಯೋಗವಿಲ್ಲದ ಗೊಡ್ಡು ಆಚಾರ. ಇದು ನಿಲ್ಲಬೇಕು. ನಿಲ್ಲಿಸಬಲ್ಲವರು ಜಿಲ್ಲಾಡಳಿತ ಭವನದಲ್ಲೂ ಇದ್ದಾರೆ, ವಿಧಾನಸೌಧದಲ್ಲೂ ಇದ್ದಾರೆ. ಇಬ್ಬರೂ ಇದನ್ನು ತಮ್ಮ ಕೆಲಸವೆಂದು ತಿಳಿದಿಲ್ಲ.

ಸೋಮವಾರ ಬೆಳಿಗ್ಗೆ ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಯಾವುದಾದರೂ ಆಸ್ಪತ್ರೆಯ ಒಪಿಡಿ ಸಾಲಿನ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಕೆಮ್ಮುವವರು, ಕೈಗೆ ಬ್ಯಾಂಡೇಜು ಸುತ್ತಿಕೊಂಡವರು, ಬಿ.ಪಿ. ಮಾತ್ರೆಗೆ ಬಂದ ಅಜ್ಜಂದಿರು, ಹೆಗಲ ಮೇಲೆ ಮಗು ಮಲಗಿಸಿಕೊಂಡ ತಾಯಂದಿರ ನಡುವೆ, ನೋಡಿದರೆ ಯಾವ ಕಾಯಿಲೆಯೂ ಕಾಣದ ಒಂದಿಷ್ಟು ಮಂದಿ ಇರುತ್ತಾರೆ. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ, ಕೈಚೀಲದಲ್ಲಿ ಊಟದ ಡಬ್ಬಿ. ಅವರಿಗೆ ಜ್ವರ ಬಂದದ್ದು ಶುಕ್ರವಾರ. ಶನಿವಾರ ಕಂಬಳಿ ಹೊದ್ದು ಮಲಗಿದರು, ಮೆಡಿಕಲ್ ಶಾಪಿನ ಮಾತ್ರೆ ನುಂಗಿದರು, ಗಂಜಿ ಕುಡಿದರು. ಭಾನುವಾರ ಬಿಟ್ಟಿತು. ಇಂದು ಮೈ ಹಗುರಾಗಿದೆ, ದುಡಿಯಬಹುದು. ಆದರೂ ಕೆಲಸದ ಜಾಗದಲ್ಲಿ ಇರಬೇಕಾದವರು ಆಸ್ಪತ್ರೆಯ ಸಾಲಿನಲ್ಲಿದ್ದಾರೆ. ಅವರಲ್ಲಿ ಹಂಗಳದಿಂದ, ಮಂಗಲದಿಂದ, ಬರಗಿಯಿಂದ ಬಸ್ಸು ಹಿಡಿದು ಬಂದವರಿರುತ್ತಾರೆ. ಹೆಂಗಸರಿಗೆ ಶಕ್ತಿ ಯೋಜನೆ ಟಿಕೆಟ್ಟಿನ ದುಡ್ಡು ಉಳಿಸಿದೆ. ಹೋದ ದಿನದ ಕೂಲಿಯನ್ನು ಯಾವ ಯೋಜನೆಯೂ ತಂದುಕೊಡುವುದಿಲ್ಲ.

ವೈದ್ಯರ ಮೇಜಿನ ಮುಂದೆ ನಡೆಯುವ ಮಾತು ಹೆಚ್ಚುಕಮ್ಮಿ ಎಲ್ಲೆಡೆ ಒಂದೇ.

"ಸಾರ್, ಮೂರ್ ದಿನದ್ದು ಒಂದ್ ಚೀಟಿ ಬರ್ದ್‌ಕೊಡಿ ಸಾರ್. ಇಲ್ದಿದ್ರೆ ಒಳೀಕ್ ಬುಡಕಿಲ್ವಂತೆ."

"ಶುಕ್ರವಾರ ನಿಂಗೆ ಜ್ವರ ಇತ್ತು ಅಂತ ನಾನ್ ಹೆಂಗಮ್ಮ ಬರೀಲಿ? ನಾನ್ ನಿನ್ನ ನೋಡ್ತಿರೋದೇ ಇವತ್ತು."

ಆಕೆ ಹೇಳುತ್ತಿರುವುದು ನಿಜ. ವೈದ್ಯರು ಹೇಳುತ್ತಿರುವುದೂ ನಿಜ. ಇಬ್ಬರು ಸತ್ಯವಂತರು ಎದುರುಬದುರು ಕೂತು ಒಂದು ಸುಳ್ಳು ಕಾಗದ ತಯಾರಿಸಬೇಕಾದ ಸ್ಥಿತಿ ಇದು. ವೈದ್ಯರು ಬರೆಯಲೊಲ್ಲೆ ಎಂದರೆ ಆಕೆಗೆ ಮೂರು ದಿನದ ಜೊತೆಗೆ ಇಂದಿನದೂ ಸೇರಿ ನಾಲ್ಕು ದಿನದ ಕೂಲಿ ಹೋಯಿತು. ಮನ ಕರಗಿ ‘ಶುಕ್ರವಾರದಿಂದ ನನ್ನ ಚಿಕಿತ್ಸೆಯಲ್ಲಿದ್ದರು’ ಎಂದು ಬರೆದರೆ ಅದು ಸುಳ್ಳು ಪ್ರಮಾಣಪತ್ರ. ಸಾಲಿನಲ್ಲಿ ಹಿಂದೆ ಇನ್ನೂ ಹತ್ತಾರು ಜನ. ಜಗಳವಾಡಿ ಕೂರಲು ಸಮಯವಿಲ್ಲ. ಬಹುಪಾಲು ವೈದ್ಯರು ಬರೆದೇ ಕೊಡುತ್ತಾರೆ, ಮನುಷ್ಯರಾದವರು ಬರೆಯದೆ ಇರಲಾರರು. ತಪ್ಪು ಇರುವುದು ಇಂಥ ಕಾಗದ ಕೇಳುವ ಕಡೆ.

ಈ ಪದ್ಧತಿ ಮೂಲದಲ್ಲೇ ಕೆಟ್ಟಿರುವುದು ಇಲ್ಲಿ. ಸಾಮಾನ್ಯ ವೈರಲ್ ಜ್ವರ ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ವಿಶ್ರಾಂತಿ, ನೀರು, ಒಂದೆರಡು ಪ್ಯಾರಾಸಿಟಮಾಲ್. ಜ್ವರ ಇಳಿದ ಮೇಲೆ ಬಂದವರ ಮೈಯಲ್ಲಿ ಮೊನ್ನೆಯ ಜ್ವರದ ಗುರುತು ಉಳಿದಿರುವುದಿಲ್ಲ. ಭೇದಿ ನಿಂತ ಮೇಲೆ ಭೇದಿಗೆ ಸಾಕ್ಷಿಯಿಲ್ಲ, ಅರೆತಲೆನೋವು ಬಿಟ್ಟ ಮೇಲೆ ಅದಕ್ಕೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣುವ ಕುಡಗೋಲು ಕಣದ ರಕ್ತಹೀನತೆ ಇರುವವರನ್ನು ಕೇಳಿ: ನೋವು ಬಂದ ದಿನ ಏಳಲಾಗದಷ್ಟು ಹಿಂಡುತ್ತದೆ, ಬಿಟ್ಟ ಮರುದಿನ ಎದ್ದು ಓಡಾಡುತ್ತಾರೆ, ನೋಡಿದವರು ‘ಏನಾಗಿತ್ತು ನಿನಗೆ?’ ಎನ್ನುತ್ತಾರೆ. ಹೀಗೆ ಬಂದುಹೋದ ಕಾಯಿಲೆಗೆ ವೈದ್ಯರು ಪ್ರಾಮಾಣಿಕವಾಗಿ ಬರೆಯಬಹುದಾದ ವಾಕ್ಯ ಒಂದೇ: ‘ತನಗೆ ಮೂರು ದಿನ ಜ್ವರವಿತ್ತು ಎಂದು ಇವರು ಹೇಳುತ್ತಾರೆ.’ ಆ ಮಾತನ್ನು ಆಕೆ ನೇರವಾಗಿ ಸೂಪರ್‌ವೈಸರಿಗೇ ಹೇಳಿದ್ದಳಲ್ಲ? ಅವಳ ಬಾಯಿಂದ ಬಂದಾಗ ಅದು ನೆಪ, ಎಂಬಿಬಿಎಸ್ ಸೀಲು ಬಿದ್ದಾಗ ಪುರಾವೆ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. 2024ರಲ್ಲಿ ಡೆಂಗಿ ಎಷ್ಟು ಹರಡಿತೆಂದರೆ ರಾಜ್ಯ ಸರ್ಕಾರವೇ ಅದನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಬೇಕಾಯಿತು. ಡೆಂಗಿಯಲ್ಲಿ ನಿಜವಾದ ಗಂಡಾಂತರ ಹಲವು ಸಲ ಜ್ವರ ಇಳಿಯುವ ಹೊತ್ತಿಗೇ ಶುರುವಾಗುತ್ತದೆ. ಅಂಥವರು ವೈದ್ಯರ ಮುಂದೆ ಕೂರಬೇಕಾದದ್ದು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡಾಗ. ಈಗ ಜನ ವೈದ್ಯರ ಬಳಿ ಹೋಗುವ ಗಳಿಗೆಯನ್ನು ಕಾಯಿಲೆ ನಿರ್ಧರಿಸುತ್ತಿಲ್ಲ, ಹಾಜರಾತಿ ಪುಸ್ತಕ ನಿರ್ಧರಿಸುತ್ತಿದೆ. ಕಾಗದಕ್ಕಾಗಿ ನಿಂತವರ ಸಾಲು ಬೆಳೆದಷ್ಟೂ ನಿಜವಾಗಿ ನೋಡಬೇಕಾದ ರೋಗಿಗೆ ಸಿಗುವ ನಿಮಿಷಗಳು ಕಡಿಮೆಯಾಗುತ್ತವೆ. ಜ್ವರ ಇನ್ನೂ ಇರುವಾಗಲೇ ಚೀಟಿಗಾಗಿ ತುಂಬಿದ ಬಸ್ಸಿನಲ್ಲಿ ಬಂದವರು ಅದನ್ನು ಎಷ್ಟು ಜನರಿಗೆ ಹಂಚಿ ಹೋದರೋ! 2020ರ ಜೂನ್‌ವರೆಗೆ ಒಂದೂ ಕೊರೊನಾ ಪ್ರಕರಣವಿಲ್ಲದ ಜಿಲ್ಲೆ ಎಂದು ಬೆನ್ನು ತಟ್ಟಿಸಿಕೊಂಡ ಚಾಮರಾಜನಗರಕ್ಕೆ, ಜ್ವರ ಬಂದವರು ಮನೆಯಲ್ಲಿರಬೇಕು ಎಂಬ ಪಾಠವನ್ನು ಮತ್ತೆ ಹೇಳಿಕೊಡಬೇಕಾಗಿ ಬಂದಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ‘ಆಗಲ್ಲ’ ಎಂದರೆ ಊರಿನಲ್ಲಿ ಬೇರೆ ದಾರಿಗಳಿವೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಎಷ್ಟು ದಿನದ್ದು ಬೇಕು, ಯಾವ ತಾರೀಖಿನಿಂದ ಬೇಕು ಎಂದು ಕೇಳಿ, ನಾಡಿ ಹಿಡಿಯದೆ, ಸ್ಟೆತಸ್ಕೋಪು ಕಿವಿಗಿಡದೆ, ಮೊದಲೇ ಸಹಿ ಮಾಡಿಟ್ಟ ಪ್ಯಾಡಿನ ಹಾಳೆ ಹರಿದುಕೊಡುವ ಜಾಗಗಳು ಯಾವ ತಾಲ್ಲೂಕು ಕೇಂದ್ರಕ್ಕೂ ಅಪರಿಚಿತವಲ್ಲ. ಅಲ್ಲಿ ಪರೀಕ್ಷೆಗೆ ದುಡ್ಡಿಲ್ಲ, ದುಡ್ಡು ದಿನದ ಲೆಕ್ಕದಲ್ಲಿ. ರೋಗದ ಹೆಸರೂ ರಜೆಯ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ: ಮೂರು ದಿನಕ್ಕೆ ವೈರಲ್ ಫೀವರ್, ವಾರಕ್ಕೆ ಬೆನ್ನುನೋವು, ಎರಡು ವಾರಕ್ಕೆ ಟೈಫಾಯ್ಡ್, ಅದಕ್ಕೂ ಮೀರಿದರೆ ಕಾಮಾಲೆ. ಕಚೇರಿಗಳ ಕಡತ ನಂಬಿದರೆ ಮದುವೆಯ ತಿಂಗಳುಗಳಲ್ಲಿ ಕಾಮಾಲೆ ಹಾವಳಿ ಜೋರು ಎನ್ನಬೇಕಾಗುತ್ತದೆ.

ಈ ವ್ಯವಹಾರದಲ್ಲಿ ತೊಡಗಿದ ವೈದ್ಯರ ವಿಷಯದಲ್ಲಿ ನಮಗೆ ಯಾವ ದಾಕ್ಷಿಣ್ಯವೂ ಇಲ್ಲ. ಬಡ ಹೆಂಗಸಿನ ಮುಖ ನೋಡಿ ಎರಡು ದಿನ ಹಿಂದಿನ ತಾರೀಖು ಹಾಕಿದವರಿಗೂ, ಮುಖವನ್ನೇ ನೋಡದೆ ಸೀಲು ಮಾರಿದವರಿಗೂ ವ್ಯತ್ಯಾಸವಿದೆ, ಎರಡನೆಯವರಿಗೆ ಕ್ಷಮೆಯಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು ಗೊಂದಲಕ್ಕೆ ಜಾಗವನ್ನೇ ಬಿಟ್ಟಿಲ್ಲ. ಪ್ರಮಾಣಪತ್ರ ಕೊಡುವ ನೋಂದಾಯಿತ ವೈದ್ಯರು ಅದಕ್ಕೆಂದೇ ಒಂದು ರಿಜಿಸ್ಟರ್ ಇಡಬೇಕು. ರೋಗಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ವಿಳಾಸ, ಮೈಮೇಲಿನ ಒಂದಾದರೂ ಗುರುತಿನ ಚಿಹ್ನೆ ನಮೂದಿಸಬೇಕು. ಕೊಟ್ಟ ಚೀಟಿಯ ಒಂದು ಪ್ರತಿ ತಮ್ಮಲ್ಲಿ ಉಳಿಸಿಕೊಳ್ಳಬೇಕು. ಸುಳ್ಳು ಅಥವಾ ದಾರಿತಪ್ಪಿಸುವ ಪ್ರಮಾಣಪತ್ರಕ್ಕೆ ಸಹಿ ಹಾಕಿದವರ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದುಹಾಕಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ತಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದು ಹಳೆಯದಕ್ಕೇ ಮರಳಿತು. ಇದರ ಮೇಲೆ ಭಾರತೀಯ ನ್ಯಾಯ ಸಂಹಿತೆಯೂ ಇದೆ: ಕಾನೂನು ಬೇಡುವ ಪ್ರಮಾಣಪತ್ರವನ್ನು ಸುಳ್ಳೆಂದು ತಿಳಿದೂ ಕೊಟ್ಟರೆ 234ನೇ ಕಲಂ, ಸುಳ್ಳೆಂದು ತಿಳಿದೂ ಬಳಸಿದರೆ 235ನೇ ಕಲಂ. ಎರಡಕ್ಕೂ ಸುಳ್ಳು ಸಾಕ್ಷ್ಯಕ್ಕಿರುವ ಶಿಕ್ಷೆಯೇ.

ಹೀಗಿದ್ದೂ ಜಿಲ್ಲೆಯ ಎಷ್ಟು ಕ್ಲಿನಿಕ್ಕುಗಳಲ್ಲಿ ಆ ರಿಜಿಸ್ಟರ್ ಇದೆ? ಆರೋಗ್ಯ ಇಲಾಖೆ ಹೋಗಿ ನೋಡಲಿ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲೆಯ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಬೇಕು. ಜಿಲ್ಲಾಧಿಕಾರಿಯೇ ನೋಂದಣಿ ಪ್ರಾಧಿಕಾರದ ಅಧ್ಯಕ್ಷರು. ನಕಲಿ ವೈದ್ಯರ ಮೇಲೆ ಆಗಾಗ ದಾಳಿ ನಡೆಯುತ್ತದೆ, ಬಾಗಿಲಿಗೆ ಬೀಗ ಜಡಿದ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಒಳ್ಳೆಯದೇ. ಅದೇ ದಿನ ಅಸಲಿ ವೈದ್ಯರ ಕ್ಲಿನಿಕ್ಕಿಗೂ ಹೋಗಿ ‘ಪ್ರಮಾಣಪತ್ರದ ರಿಜಿಸ್ಟರ್ ತೆಗೆಯಿರಿ’ ಎಂದು ಕೇಳಿದ್ದುಂಟೆ? ಎರಡು ಕ್ಲಿನಿಕ್ಕಿನಲ್ಲಿ ಕೇಳಿದರೆ ಸಾಕು, ಮೂರನೆಯದರಲ್ಲಿ ಸಂಜೆಯೊಳಗೆ ಹೊಸ ಪುಸ್ತಕ ಬಂದಿರುತ್ತದೆ. ಯಡಪುರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಪ್ರಮಾಣಪತ್ರ ಬರೆಯುವ ರೀತಿನೀತಿ ಎಂಬಿಬಿಎಸ್ ಪಾಠದಲ್ಲೇ ಇದೆ. ಪಾಠ ಓದಿ ಪಾಸಾದ ಹುಡುಗ ಹುಡುಗಿಯರು ಹೊರಗೆ ಬಂದು ಮೊದಲು ನೋಡುವುದು ಆ ಪಾಠ ಹೇಗೆ ಮುರಿಯುತ್ತದೆ ಎಂಬುದನ್ನೇ ಎಂದಾದರೆ, ಜಿಲ್ಲೆಗೊಂದು ಕಾಲೇಜು ತಂದು ಪ್ರಯೋಜನವೇನು?

ಮಾಲೀಕರ ವಿಚಾರಕ್ಕೆ ಬರೋಣ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರು, ಬೇಗೂರು ದಾಟಿ ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುವವರು ಕೋಳಿ ಕೂಗುವ ಹೊತ್ತಿಗೆ ಅಡುಗೆ ಮುಗಿಸಿ ರಸ್ತೆಗೆ ಬಂದು ನಿಲ್ಲುವ ಜನ. ಅವರಲ್ಲಿ ಬಹುಪಾಲು ಗುತ್ತಿಗೆಯವರು. ಒಂದು ದಿನ ತಪ್ಪಿದರೆ ಆ ದಿನದ ಕೂಲಿಯಷ್ಟೇ ಹೋಗುವುದಿಲ್ಲ, ಹಾಜರಾತಿ ಬೋನಸ್ ಇರುವ ಕಡೆ ತಿಂಗಳ ಬೋನಸ್ಸೂ ಹೋಗುತ್ತದೆ. ಇಷ್ಟು ಕಳೆದುಕೊಳ್ಳಲು ಸಿದ್ಧರಾಗಿ ಮೋಜಿಗೆ ಮಲಗುವವರು ಯಾರು? ಚೀಟಿ ಕೇಳುವ ಸೂಪರ್‌ವೈಸರಿಗೂ ಇದು ಗೊತ್ತು. ತನ್ನ ಲೈನಿನಲ್ಲಿ ಯಾರು ಸೋಮಾರಿ, ಯಾರು ಜ್ವರ ಬಂದರೂ ಹಲ್ಲು ಕಚ್ಚಿ ದುಡಿಯುವವರು ಎಂಬುದು ಅವನಿಗೆ ಯಾವ ವೈದ್ಯರಿಗಿಂತ ಚೆನ್ನಾಗಿ ಗೊತ್ತು. ಮೇಜಿನ ಮೇಲೆ ಬಂದ ಚೀಟಿ ಎಲ್ಲಿಂದ ಬಂತು, ಎಷ್ಟಕ್ಕೆ ಬಂತು ಎಂಬುದೂ ಗೊತ್ತು. ಆದರೂ ಕಡತಕ್ಕೆ ಸೇರಿಸುತ್ತಾನೆ. ನಾಳೆ ಮೇಲಿನವರು ಕೇಳಿದರೆ ತೋರಿಸಲು ಅವನಿಗೂ ಒಂದು ಕಾಗದ ಬೇಕು. ಎದುರಿಗೆ ನಿಂತ ಮನುಷ್ಯರ ನಿಜವನ್ನು ನಂಬದೆ, ಸುಳ್ಳೆಂದು ತನಗೇ ಗೊತ್ತಿರುವ ಹಾಳೆಯನ್ನು ಸ್ವೀಕರಿಸುವ ಈ ನಡೆಯನ್ನು ಶಿಸ್ತು ಎಂದು ಕರೆಯುವುದು ಶಿಸ್ತಿಗೇ ಅವಮಾನ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಕೆಲಸಗಾರರಿಗೆ ಯಾರೂ ಹೇಳುವುದಿಲ್ಲ, ಹೀಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಂಗಡಿ, ಹೋಟೆಲು, ಶೋರೂಮು, ಖಾಸಗಿ ಕಚೇರಿಗಳಲ್ಲಿ ದುಡಿಯುವವರಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಅನ್ವಯಿಸುತ್ತದೆ. ಅದರ 15ನೇ ಕಲಂ ಪ್ರಕಾರ ಕಾಯಿಲೆ, ಅಪಘಾತ ಅಥವಾ ಬೇರಾವುದೇ ಸಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಹಕ್ಕು. ಗಳಿಕೆ ರಜೆ ಇದರ ಹೊರತು. ಗುಂಡ್ಲುಪೇಟೆ ಪೇಟೆಬೀದಿಯ ಬಟ್ಟೆ ಅಂಗಡಿಯ ಹುಡುಗನಿಗೋ ಊಟಿ ರಸ್ತೆಯ ಹೋಟೆಲಿನ ಸಪ್ಲೈಯರಿಗೋ ಈ 12 ದಿನದ ಮಾತು ಹೇಳಿ ನೋಡಿ, ತಮಾಷೆ ಮಾಡುತ್ತಿದ್ದೀರಿ ಎಂದುಕೊಳ್ಳುತ್ತಾನೆ. ಅರವತ್ತು ವರ್ಷ ದಾಟಿದ ಕಾನೂನು ಅದು. ಕಾರ್ಮಿಕ ನಿರೀಕ್ಷಕರ ಕಚೇರಿ ಇರುವುದು ಯಾಕೆ?

ಕಾರ್ಖಾನೆಯವರಿಗೆ ಇಎಸ್‌ಐ ಇದೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವವರಿಂದ ಶೇ 0.75, ಮಾಲೀಕರಿಂದ ಶೇ 3.25 ವಂತಿಗೆ ಎಂಬುದು 2019ರ ಜುಲೈನಿಂದ ನಡೆದುಬಂದ ಲೆಕ್ಕ. 12,000 ರೂಪಾಯಿ ಸಂಬಳದವರ ಕೈಯಿಂದ 90 ರೂಪಾಯಿ, ಮಾಲೀಕರ ಕೈಯಿಂದ 390. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ಕೂಲಿಯ ಶೇ 70ರಷ್ಟು ಮೊತ್ತ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಚೀಟಿಯನ್ನು ಇಎಸ್‌ಐ ವೈದ್ಯರೇ ಪುಕ್ಕಟೆ ಕೊಡಬೇಕು. ಕಾಗದದ ಮೇಲೆ ಸೊಗಸಾದ ವ್ಯವಸ್ಥೆ. ಒಳಗೆ ಇಳಿದರೆ ಎರಡು ಮುಳ್ಳು ತಾಗುತ್ತವೆ. ಒಂದು, ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಸಿಗದು. ಎರಡು ದಿನದ ಜ್ವರದವರು ಚೀಟಿ ತಂದರೂ ಅವರಿಗೆ ಇಎಸ್‌ಐನಿಂದ ಬರುವುದು ಸೊನ್ನೆ. ಎರಡು, ಹತ್ತಿರದ ಇಎಸ್‌ಐ ಆಸ್ಪತ್ರೆ ಮೈಸೂರಿನದು, ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರು. ಜ್ವರದವರು ಅಲ್ಲಿಗೆ ಹೋಗಿಬರುವುದು ಬಿಟ್ಟು, ಊರಿನ ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟು ಚೀಟಿ ಬರೆಸಿಕೊಳ್ಳುತ್ತಾರೆ. ತಿಂಗಳು ತಿಂಗಳೂ ಸಂಬಳದಿಂದ ಮುರಿದುಕೊಂಡ ವಂತಿಗೆ ಆ ದಿನ ಅವರ ಉಪಯೋಗಕ್ಕೆ ಬರುವುದಿಲ್ಲ. ಕಾಯಿಲೆ ಭತ್ಯೆ ಪಡೆಯುತ್ತಿರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ದಂಡಿಸುವಂತಿಲ್ಲ ಎಂದು 1948ರ ಇಎಸ್‌ಐ ಕಾಯ್ದೆ ಬರೆದವರು 73ನೇ ಕಲಮಿನಲ್ಲಿ ಹೇಳಿಟ್ಟಿದ್ದರು. ‘ನಾಳೆಯಿಂದ ಬರಬೇಡ, ಏಜೆನ್ಸಿಗೆ ಫೋನ್ ಮಾಡು’ ಎನ್ನುವ ಗೇಟಿನ ಕಾವಲುಗಾರನಿಗೆ ಆ ಕಲಮಿನ ವಿಚಾರ ಯಾರು ತಿಳಿಸಿಯಾರು?

ಇನ್ನು ರಜೆ ಎಂಬ ಮಾತೇ ಇಲ್ಲದವರು. ಚೆಂಡುಹೂ ಬಿಡಿಸುವವರು, ಕರಿಕಲ್ಲು ಕ್ವಾರಿಯ ಕೂಲಿಗಳು, ಶುಂಠಿ ಕೆಲಸಕ್ಕೆ ವಯನಾಡಿಗೆ ಹೋಗುವವರು. ಅವರನ್ನು ಯಾರೂ ಚೀಟಿ ಕೇಳುವುದಿಲ್ಲ, ಬಾರದ ದಿನಕ್ಕೆ ಕೂಲಿಯಿಲ್ಲ, ಅಷ್ಟೇ. ಅವರ ಅಳಲು ಬೇರೆಯೇ ಒಂದು ಅಗ್ರಲೇಖನಕ್ಕೆ ಸೇರಿದ್ದು.

ಸರ್ಕಾರಿ ನೌಕರರನ್ನು ನೋಡಿ. ಅವರಿಗೆ ವರ್ಷಕ್ಕೆ 10 ದಿನ ಸಾಂದರ್ಭಿಕ ರಜೆ ಇದೆ. 2019ರಲ್ಲಿ ನಾಲ್ಕನೇ ಶನಿವಾರವನ್ನು ರಜೆ ಮಾಡಿದಾಗ 15ರಿಂದ ಇಳಿದು 10 ಆಯಿತು. ಬೆಳಿಗ್ಗೆ ಜ್ವರ ಕಂಡರೆ ಸಾಹೇಬರಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ, ‘ಸಾರ್, ಇವತ್ತು ಸಿ.ಎಲ್.’ ಅಷ್ಟು ಸಾಕು. ಯಾವ ವೈದ್ಯರೂ ಬೇಡ, ಯಾವ ಸೀಲೂ ಬೇಡ. ಇದರಲ್ಲಿ ನಮಗೆ ಆಕ್ಷೇಪವಿಲ್ಲ, ಹಾಗೇ ಇರಬೇಕು. ಇದರ ಮೇಲೆ ವರ್ಷಕ್ಕೆ 20 ದಿನದ ಅರ್ಧ ವೇತನ ರಜೆ, ವೈದ್ಯಕೀಯ ಪ್ರಮಾಣಪತ್ರ ಇಟ್ಟರೆ ಎರಡು ದಿನಕ್ಕೆ ಒಂದರಂತೆ ಅದನ್ನು ಪೂರ್ಣ ಸಂಬಳದ ಪರಿವರ್ತಿತ ರಜೆಯಾಗಿ ಮಾಡಿಕೊಳ್ಳುವ ಅವಕಾಶ. ಕಾಮಾಲೆಯ ಕಡತಗಳು ಹುಟ್ಟುವುದು ಇಲ್ಲಿ. ಚುನಾವಣಾ ಕರ್ತವ್ಯದ ಪತ್ರ ಕೈಗೆ ಬಂದ ವಾರವೇ ಎದೆನೋವು, ಸೊಂಟನೋವು, ಸಕ್ಕರೆ ಕಾಯಿಲೆಗಳು ಒಟ್ಟಿಗೆ ಉಲ್ಬಣಿಸಿ, ವೈದ್ಯಕೀಯ ಮಂಡಳಿಯ ಮುಂದೆ ಬಂದು ನಿಲ್ಲಿ ಎಂದು ಜಿಲ್ಲಾಡಳಿತ ಹೇಳಬೇಕಾಗಿ ಬರುವುದು ಯಾವ ಜಿಲ್ಲೆಗೂ ಹೊಸದಲ್ಲ. ಮಂಡಳಿ ಎಂದೊಡನೆ ಅರ್ಧ ಎದೆನೋವು ಗುಣವಾಗುವುದೂ ಹೊಸದಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹೀಗೆ: ಮೂರು ದಿನದ ಕಾಯಿಲೆಗೆ ಸ್ವಂತ ಮಾತು ಸಾಕು ಎಂಬ ನಂಬಿಕೆ ಈ ರಾಜ್ಯದಲ್ಲಿ ಆಗಲೇ ಇದೆ, ಆದರೆ ಕುರ್ಚಿಯ ಮೇಲೆ ಕೂತವರಿಗೆ ಮಾತ್ರ. 2025ರಲ್ಲಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಋತುಚಕ್ರ ರಜೆಯನ್ನು ಸಚಿವ ಸಂಪುಟ ಅಕ್ಟೋಬರ್‌ನಲ್ಲಿ ಒಪ್ಪಿತು, ನವೆಂಬರ್‌ನಲ್ಲಿ ಆದೇಶ ಬಂತು. ಖಾಸಗಿ ಕಾರ್ಖಾನೆಗಳೂ ಅದರ ವ್ಯಾಪ್ತಿಗೆ ಸೇರಿದವು. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಕೇಳಬಾರದು ಎಂದು ಸ್ಪಷ್ಟವಾಗಿ ಹೇಳಲಾಯಿತು. ಆದೇಶ ಹೈಕೋರ್ಟ್ ಮೆಟ್ಟಿಲೇರಿದ್ದು ಬೇರೆ ಮಾತು. ನೋವಿನ ವಿಷಯದಲ್ಲಿ ಹೆಣ್ಣಿನ ಮಾತನ್ನು ನಂಬಿ ಎಂದು ಮಾಲೀಕರಿಗೆ ಹೇಳುವ ಧೈರ್ಯ ಕಾರ್ಮಿಕ ಇಲಾಖೆಗೆ ಬಂತಲ್ಲ, ಅದು ಮೆಚ್ಚಬೇಕಾದದ್ದು. ಆದರೆ ಹೊಟ್ಟೆನೋವಿಗೆ ನಂಬಬೇಕಾದ ಅದೇ ಹೆಣ್ಣನ್ನು ಮರುವಾರ ಜ್ವರ ಬಂದಾಗ ಕಳ್ಳಿಯಂತೆ ನಡೆಸಿಕೊಳ್ಳುವುದು ಯಾವ ನ್ಯಾಯ? ಸಚಿವ ಸಂತೋಷ್ ಲಾಡ್ ಅವರ ಇಲಾಖೆ ಇದಕ್ಕೆ ಉತ್ತರ ಕೊಡಬೇಕು.

‘ಬಿಟ್ಟರೆ ಎಲ್ಲರೂ ಮಲಗುತ್ತಾರೆ’ ಎಂಬುದು ಮಾಲೀಕರ ಹಳೆಯ ಪಲ್ಲವಿ. ಮಲಗುವವರು ಕೆಲವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಹಬ್ಬದ ಮರುದಿನ, ಸಂಬಳದ ಮರುದಿನ ಕೆಲವರಿಗೆ ತಪ್ಪದೆ ತಲೆ ಸುತ್ತುತ್ತದೆ. ಅಂಥವರನ್ನು ಈಗಿನ ಚೀಟಿ ಹಿಡಿದಿದೆಯೆ? ಅವರು ಯಾವತ್ತೂ ಚೀಟಿಯಿಲ್ಲದೆ ಬಂದವರಲ್ಲ. ಎಲ್ಲಿ, ಎಷ್ಟಕ್ಕೆ ಸಿಗುತ್ತದೆ ಎಂದು ಅವರಿಗೆ ಗೊತ್ತು. ಸಿಕ್ಕಿಬೀಳುವವರು ನಿಜವಾಗಿ ಜ್ವರ ಬಂದು ಮನೆಯಲ್ಲಿ ಬಿದ್ದುಕೊಂಡವರು, ಏಕೆಂದರೆ ಏಳಲಾಗದವರು ಚೀಟಿ ತರಲು ಹೋಗುವುದು ಹೇಗೆ? ಬ್ರಿಟನ್ನಿನಲ್ಲಿ ಮೊದಲ 7 ದಿನಕ್ಕೆ ನೌಕರರ ಸ್ವಂತ ಹೇಳಿಕೆಯೇ ಸಾಕು, ಆಮೇಲಷ್ಟೇ ವೈದ್ಯರ ಪತ್ರ; 2022ರಿಂದ ಅಂಥ ಪತ್ರಕ್ಕೆ ನರ್ಸುಗಳು, ಫಾರ್ಮಸಿಸ್ಟರು, ಫಿಸಿಯೊಥೆರಪಿಸ್ಟರೂ ಸಹಿ ಹಾಕಬಹುದು. ಜರ್ಮನಿಯಲ್ಲಿ ಕಾಯಿಲೆ ಮೂರು ದಿನ ಮೀರಿದರೆ ಪತ್ರ, ಮಾಲೀಕರು ಬೇಕೆಂದರೆ ಮೊದಲೇ ಕೇಳಬಹುದು. ವಿಮೆ ಇರುವ ನೌಕರರ ಪತ್ರ 2023ರಿಂದ ಕಂಪ್ಯೂಟರಿನಲ್ಲೇ ವೈದ್ಯರಿಂದ ವಿಮಾ ಸಂಸ್ಥೆಗೆ, ಅಲ್ಲಿಂದ ಮಾಲೀಕರಿಗೆ ಹೋಗುತ್ತದೆ. ಕಾಯಿಲೆಯವರು ಕಾಗದ ಹಿಡಿದು ಅಲೆಯಬೇಕಿಲ್ಲ. ಆ ದೇಶಗಳಲ್ಲೂ ಮೈಗಳ್ಳರಿದ್ದಾರೆ, ಕಾರ್ಖಾನೆಗಳೂ ನಡೆಯುತ್ತಿವೆ.

ಚೀಟಿಯ ಮೇಲೆ ರೋಗದ ಹೆಸರು ಬರೆಯಿಸುವ ಪರಿಪಾಠದ ಬಗ್ಗೆಯೂ ಒಂದು ಮಾತು. ಗರ್ಭಪಾತವಾದ ಹೆಣ್ಣುಮಗಳ ಕಾಗದ ಗೇಟಿನ ಕಾವಲುಗಾರ, ಹಾಜರಿ ಬರೆಯುವ ಗುಮಾಸ್ತ, ಏಜೆನ್ಸಿಯ ಹುಡುಗ, ಮೂವರ ಕೈ ದಾಟಿ ಮೇಲಕ್ಕೆ ಹೋಗುತ್ತದೆ. ಸಂಜೆಯ ವ್ಯಾನಿನಲ್ಲಿ ಅದೇ ಮಾತು. ಕ್ಷಯಕ್ಕೆ ಮಾತ್ರೆ ನುಂಗುತ್ತಿರುವವರು, ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು ನಿಜ ಬರೆಸಿಕೊಂಡು ತರುತ್ತಾರೆಯೆ? ಎಚ್‌ಐವಿ ಇರುವವರನ್ನು ಅದನ್ನು ಹೊರಗೆಡಹುವಂತೆ ಬಲವಂತಪಡಿಸಬಾರದು ಎಂದು 2017ರ ಕಾಯ್ದೆಯೇ ಹೇಳುತ್ತದೆ. ವೈದ್ಯರ 2002ರ ನಿಯಮಗಳು ಒಂದೆಡೆ ರೋಗಿಯ ಗುಟ್ಟು ಕಾಪಾಡಿ ಎನ್ನುತ್ತವೆ, ಅವುಗಳ ಅನುಬಂಧದಲ್ಲಿರುವ ರಜೆ ಚೀಟಿಯ ಮಾದರಿ ಕಾಯಿಲೆಯ ಸ್ವರೂಪ ಬರೆಯಿರಿ ಎನ್ನುತ್ತದೆ. ಈ ಮಾದರಿ ಬದಲಾಗಬೇಕು. ಮಾಲೀಕರಿಗೆ ಬೇಕಾದದ್ದು ಇಷ್ಟೇ: ಇವರು ಎಷ್ಟು ದಿನ ದುಡಿಯಲಾರರು, ಮರಳಿ ಬಂದಾಗ ಯಾವ ಕೆಲಸ ಮಾಡಬಾರದು. ಭಾರ ಎತ್ತುವಂತಿಲ್ಲ, ರಾತ್ರಿ ಪಾಳಿ ಬೇಡ, ಬಸ್ಸು ಓಡಿಸುವಂತಿಲ್ಲ ಎಂಬ ಮಾತು ಕೆಲಸಕ್ಕೆ ಬರುತ್ತದೆ. ಅಂಥ ಚೀಟಿಗೆ ಬೆಲೆಯಿದೆ; ವೈದ್ಯರು ಅದನ್ನು ಸಾವಧಾನವಾಗಿ ಪರೀಕ್ಷಿಸಿ ಬರೆಯಲು ಸಮಯ ಸಿಗಬೇಕಾದರೆ ಮೂರು ದಿನದ ಜ್ವರದ ಕಾಗದಗಳ ಹೊರೆ ಅವರ ಮೇಜಿನಿಂದ ಇಳಿಯಬೇಕು.

ನಮ್ಮ ತೀರ್ಮಾನ ಇದು. ಮೂರು ದಿನದವರೆಗಿನ ಕಾಯಿಲೆ ರಜೆಗೆ ಕೆಲಸಗಾರರ ಸಹಿ ಇರುವ ಒಂದು ಸಾಲಿನ ಸ್ವಂತ ಹೇಳಿಕೆ ಸಾಕು ಎಂದು ಕಾರ್ಮಿಕ ಇಲಾಖೆ ಆದೇಶ ಹೊರಡಿಸಬೇಕು. ಗುತ್ತಿಗೆಯವರಿಗೂ ಅದು ಅನ್ವಯಿಸಬೇಕು. ಆದೇಶ ಬರುವವರೆಗೆ ಜಿಲ್ಲೆಯ ಕೈಗಾರಿಕೆಗಳ ಮಾಲೀಕರು ತಾವಾಗಿಯೇ ಇದನ್ನು ಜಾರಿಗೆ ತರಬಹುದು, ಯಾರೂ ತಡೆಯುವುದಿಲ್ಲ. ಮೂರು ದಿನ ಮೀರಿದ ರಜೆಗೆ ಚೀಟಿ ಕೇಳಿ, ಆದರೆ ಅದನ್ನು ಕಟ್ಟುನಿಟ್ಟಾಗಿ ನೋಡಿ: ನೋಂದಣಿ ಸಂಖ್ಯೆ ಇದೆಯೆ, ರೋಗಿಯ ಸಹಿ ಇದೆಯೆ, ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಅದರ ಪ್ರತಿ ಇದೆಯೆ. ವೈದ್ಯರ ಸಂಘಟನೆಗಳು ಸೀಲು ಮಾರುವ ಸಹೋದ್ಯೋಗಿಗಳ ಬೆನ್ನಿಗೆ ನಿಲ್ಲುವುದನ್ನು ಬಿಡಬೇಕು. ಜಿಲ್ಲಾ ಆರೋಗ್ಯಾಧಿಕಾರಿ ವರ್ಷಕ್ಕೊಮ್ಮೆಯಾದರೂ ಆ ರಿಜಿಸ್ಟರುಗಳನ್ನು ತರಿಸಿ ನೋಡಬೇಕು, ತಪ್ಪು ಕಂಡಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕು. ಕಾಮಾಲೆಯ ಹೆಸರಿನಲ್ಲಿ ಮದುವೆಯೂಟ ಮಾಡಿಬಂದ ನೌಕರರೂ ಈ ಜಾಲದ ಪಾಲುದಾರರೇ, ಅವರನ್ನು ಬಿಟ್ಟು ಬರೀ ವೈದ್ಯರನ್ನು ಹಿಡಿದರೆ ಅರ್ಧ ಕೆಲಸ. ಇಎಸ್‌ಐ ನಿಗಮ ಬದನಗುಪ್ಪೆ ಭಾಗದ ಕೆಲಸಗಾರರಿಗೆ ವಾರದಲ್ಲಿ ಕೆಲವು ದಿನವಾದರೂ ವೈದ್ಯರನ್ನು ಅಲ್ಲಿಗೇ ಕಳಿಸುವ ಏರ್ಪಾಡು ಮಾಡಬೇಕು. ಅವರಿಂದ ವಂತಿಗೆ ತೆಗೆದುಕೊಂಡ ಮೇಲೆ ಮೈಸೂರಿಗೆ ಬನ್ನಿ ಎನ್ನುವುದು ಸಲ್ಲದು.

ಓದುಗರಲ್ಲಿ ದುಡಿಯುವವರಿಗೆ ಒಂದು ಮಾತು. ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ದುಡ್ಡು ಮುರಿದಿದ್ದರೆ ನಿಮ್ಮ ವಿಮಾ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅಂಗಡಿ, ಹೋಟೆಲಿನವರು ಆ 12 ದಿನದ ರಜೆಯನ್ನು ಕೇಳಿ ಪಡೆಯಿರಿ. ಕೊಡದೆ ಕೂಲಿ ಹಿಡಿದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಒಬ್ಬರೇ ಹೋಗುವ ಬದಲು ನಾಲ್ಕು ಜನ ಸೇರಿ ಹೋಗಿ, ದೂರಿಗೆ ಹಿಂಬರಹ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.